ಸ್ವಂತ ಬರಹಗಳಿಗೆ ನೆಲೆಯನ್ನು ಆರಿಸಿಕೊಳ್ಳುವ ವಿಷಯ

ನಮ್ಮ ಶಾಲೆಯಲ್ಲಿ ಕಲಿತು ಹೊರಗೆ ಹೋದ ಸೋದರಿಯರಲ್ಲಿ ಬರೆಯುವ ಹವ್ಯಾಸವುಳ್ಳವರು ಅನೇಕರಿರುವರೆಂಬುದು ನಮಗೆಲ್ಲರಿಗೂ ಸಂತೋಷದ ಸಂಗತಿ. ಅಡುಗೆಯ ವಿಧಾನ, ಪ್ರವಾಸದ ವೃತ್ತಾಂತ, ಅಜ್ಜಿಯ ಬಾಯಿಂದ ಕೇಳಿದ ಕಥೆ, ಶಾಲೆಯ ದಿನಗಳ ನೆನಪು ಇವೇ ಮೊದಲಾದುವನ್ನು ನೋಟುಪುಸ್ತಕದಲ್ಲಿ ಬರೆದು ಪೆಟ್ಟಿಗೆಯಲ್ಲಿಡುವುದಕ್ಕಿಂತ, ನಾಲ್ವರು ಓದುವಂತೆ ಅಂತರ್ಜಾಲದಲ್ಲಿ ಪ್ರಕಟಿಸಬೇಕೆಂಬ ಇಚ್ಛೆ ಈಚೆಗೆ ಹೆಚ್ಚುತ್ತಲಿದೆ. "ಬ್ಲಾಗನ್ನು ಎಲ್ಲಿ ಆರಂಭಿಸೋಣ?" ಎಂದು ನಮ್ಮನ್ನು ಕೇಳುವವರೂ ಹೆಚ್ಚಾಗಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವುದಕ್ಕೆ ಬದಲಾಗಿ, ನಮಗೆ ತಿಳಿದ ಮಟ್ಟಿಗೆ ಈ ವಿಷಯವನ್ನು ಸಂಚಿಕೆಯಲ್ಲಿಯೇ ವಿವರಿಸುವುದು ಲೇಸೆಂದು ಎಣಿಸಿದೆವು.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಈ ಸಂಚಿಕೆಗಾಗಿ ಲೇಖನಗಳನ್ನು ಕೂಡಿಸುತ್ತಿದ್ದಾಗ, ನಮ್ಮ ಹಿರಿಯ ವಿದ್ಯಾರ್ಥಿನಿಯರೊಬ್ಬರನ್ನು ಅವರ ವಸತಿಗೃಹದ ನೆನಪುಗಳನ್ನು ಕಳುಹಿಸಿಕೊಡಬೇಕೆಂದು ಕೇಳಿದೆವು. ಅವರು ಆರು ವರುಷಗಳ ಕಾಲ ಒಂದು ಉಚಿತವಾದ ತಾಣದಲ್ಲಿ ಆ ನೆನಪುಗಳನ್ನು ಬರೆಯುತ್ತ ಬಂದಿದ್ದರು. ಬಳಿಕ ತಾಯಿಯವರ ಕಾಯಿಲೆಯ ನಿಮಿತ್ತ ಎರಡು ವರುಷ ಅತ್ತ ನೋಡಲಿಲ್ಲ. ಅಷ್ಟರಲ್ಲಿ ಆ ತಾಣವು ಮುಚ್ಚಿಹೋಗಿತ್ತು. ಮುಚ್ಚುವೆವೆಂಬ ಸೂಚನೆಯು ಅವರು ಬಿಟ್ಟುಬಿಟ್ಟಿದ್ದ ಹಳೆಯ ಇಮೇಲ್ ವಿಳಾಸಕ್ಕೆ ಬಂದಿತ್ತಂತೆ. "ನನ್ನ ಬಳಿ ಒಂದು ಸಾಲೂ ಇಲ್ಲ" ಎಂದು ಅವರು ಉತ್ತರ ಕೊಟ್ಟಾಗ ನಮಗೆ ಬಹಳ ವ್ಯಸನವಾಯಿತು. ಅದು ಅವರೊಬ್ಬರ ನಷ್ಟವಲ್ಲ. ಶಾಲೆಯ ನಷ್ಟವೂ ಹೌದು.

ಇಂಥ ಸಂಗತಿಯು ಅಪೂರ್ವವಾದುದೇನೂ ಅಲ್ಲ. ಜಿಯೋಸಿಟೀಸ್ ಎಂಬ ತಾಣದಲ್ಲಿ ಲಕ್ಷಾಂತರ ಜನರು ತಮ್ಮ ಪುಟಗಳನ್ನು ಕಟ್ಟಿಕೊಂಡಿದ್ದರು. ಅದನ್ನು ಕೊಂಡ ಯಾಹೂ ಸಂಸ್ಥೆಯವರು 2009ರಲ್ಲಿ ಮುಚ್ಚಿದರು. ನಮ್ಮ ದೇಶದಲ್ಲಿ ಮನೆಮಾತಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಕೊನೆಗೊಂಡಿತು. 2003ರಲ್ಲಿ ಹುಟ್ಟಿ, ಹಣವನ್ನು ತೆತ್ತು ಬರೆಯುವವರಿಗಾಗಿಯೇ ಇದ್ದ ಟೈಪ್‌ಪ್ಯಾಡ್ ಎಂಬುದೂ 2025ರಲ್ಲಿ ಬಾಗಿಲು ಹಾಕಿತು. ಆದುದರಿಂದ ಉಚಿತವಾದುದು ಅಳಿಯುವುದು, ಹಣ ಕೊಟ್ಟದ್ದು ಉಳಿಯುವುದು ಎಂದು ನಂಬುವಂತೆಯೂ ಇಲ್ಲ.

ಇಲ್ಲಿ ನಮ್ಮ ನಾಡಿನ ಹಳೆಯದೊಂದು ಸಂಗತಿಯನ್ನು ಜ್ಞಾಪಿಸಿಕೊಳ್ಳುವುದು ಉಚಿತ. ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಹೊರಡಿಸಿದರು. ಅದು ಕಲ್ಲಚ್ಚಿನಲ್ಲಿ ಅಚ್ಚಾಗುತ್ತಿತ್ತು. ಮರುವರುಷವೇ ಅದು ಮಂಗಳೂರನ್ನು ಬಿಟ್ಟು ಬಳ್ಳಾರಿಯಿಂದ 'ಕನ್ನಡ ಸಮಾಚಾರ'ವೆಂಬ ಹೆಸರಿನಲ್ಲಿ ಹೊರಡತೊಡಗಿತು. ಅಚ್ಚುಕೂಟ ಬದಲಾಯಿತು, ಊರು ಬದಲಾಯಿತು, ಹೆಸರು ಕೂಡ ಬದಲಾಯಿತು. ಆದರೆ ಮೊದಲು ಅಚ್ಚಾದ ಹಾಳೆಗಳು ಓದುಗರ ಕೈಯಲ್ಲಿಯೇ ಇದ್ದುವು; ಅವುಗಳ ಪ್ರತಿಗಳು ಇಂದಿಗೂ ಉಳಿದಿವೆ. ಅಂತರ್ಜಾಲದಲ್ಲಿ ಹೀಗಲ್ಲ. ಅಲ್ಲಿ ಅಚ್ಚುಕೂಟವೂ ಹಾಳೆಯೂ ಒಂದೇ. ಅಚ್ಚುಕೂಟದವರು ಬೀಗ ಹಾಕಿದರೆ, ಆ ದಿನವೇ ಎಲ್ಲರ ಕೈಯಲ್ಲಿನ ಹಾಳೆಯೂ ಮಾಯವಾಗುವುದು. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ನೆಲೆಯನ್ನು ಆರಿಸುವ ಕೆಲಸದಲ್ಲಿ ಅರ್ಧ ಮುಗಿದಂತೆಯೇ ಸರಿ.

ಹೊಸದಾಗಿ ಬರೆಯತೊಡಗುವವರು ಸಾಮಾನ್ಯವಾಗಿ ನೋಡುವುದು ಪುಟದ ಅಂದವನ್ನು. ಬಣ್ಣ ಯಾವುದು, ಚಿತ್ರ ಎಲ್ಲಿ ಬರುವುದು ಎಂಬುದನ್ನು ಯಾವಾಗ ಬೇಕಾದರೂ ತಿದ್ದಿಕೊಳ್ಳಬಹುದು. ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆಗಳು ಮೂರು. ನಮ್ಮ ಓದುಗರು ಯಾರು? ನಾವು ಎಷ್ಟು ಹಣವನ್ನೂ ಶ್ರಮವನ್ನೂ ಕೊಡಬಲ್ಲೆವು? ಆ ಸ್ಥಳವನ್ನು ಬಿಡಬೇಕಾಗಿ ಬಂದರೆ ನಮ್ಮ ಬರಹವನ್ನು ಕಟ್ಟಿಕೊಂಡು ಹೊರಡಲು ದಾರಿ ಇದೆಯೆ? ಈ ಮೂರರಲ್ಲಿ ಕೊನೆಯದೇ ಮುಖ್ಯವಾದುದೆಂದು ನಮ್ಮ ಅಭಿಪ್ರಾಯ. ಬಾಡಿಗೆಯ ಮನೆಯನ್ನು ಹಿಡಿಯುವವರು ಒಳಗೆ ಬರುವ ಬಾಗಿಲನ್ನು ಮಾತ್ರ ನೋಡದೆ, ಸಾಮಾನು ಹೊರಗೆ ಸಾಗಿಸುವ ಬಾಗಿಲನ್ನೂ ನೋಡಿಕೊಳ್ಳಬೇಕಷ್ಟೆ. ಇನ್ನು ಹೆಚ್ಚಾಗಿ ಬಳಕೆಯಲ್ಲಿರುವ ನೆಲೆಗಳನ್ನು ಒಂದೊಂದಾಗಿ ಪರಿಶೀಲಿಸುವ.

ಬ್ಲಾಗರ್ ಎಂಬುದು 1999ರಲ್ಲಿ ಆರಂಭವಾಗಿ, 2003ರಲ್ಲಿ ಗೂಗಲ್ ಸಂಸ್ಥೆಗೆ ಸೇರಿತು. ಇದಕ್ಕೆ ಹಣ ಕೊಡಬೇಕಾದುದಿಲ್ಲ. ಜಿಮೇಲ್ ಖಾತೆಯುಳ್ಳವರು ಕಾಲು ಗಂಟೆಯಲ್ಲಿ ಬ್ಲಾಗನ್ನು ತೆರೆಯಬಹುದು. ವಿಳಾಸದ ಕೊನೆಯಲ್ಲಿ 'ಬ್ಲಾಗ್‌ಸ್ಪಾಟ್' ಎಂಬುದು ಸೇರಿರುತ್ತದೆ. ಬೇಕಾದವರು ಸ್ವಂತ ವಿಳಾಸವನ್ನು ಕೊಂಡು ಇದಕ್ಕೆ ಜೋಡಿಸಿಕೊಳ್ಳಬಹುದು. ಜೋಡಿಸಿದುದಕ್ಕೆ ಬ್ಲಾಗರಿನವರು ಏನನ್ನೂ ಕೇಳುವುದಿಲ್ಲ. ಬರಹಗಳನ್ನೆಲ್ಲ ಒಂದೇ ಕಡತವಾಗಿ ಇಳಿಸಿಕೊಳ್ಳುವ ಅನುಕೂಲವೂ ಇದೆ. ಆದರೆ ಇದರಲ್ಲಿ ಹೊಸ ಸುಧಾರಣೆಗಳು ವಿರಳ. ಗೂಗಲಿನವರು ತಮ್ಮವೇ ಆದ ಗೂಗಲ್ ಪ್ಲಸ್ ಎಂಬುದನ್ನು 2019ರಲ್ಲಿ ಮುಚ್ಚಿದರೆಂಬುದನ್ನೂ ಮರೆಯಬಾರದು.

ವರ್ಡ್‌ಪ್ರೆಸ್ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಏರ್ಪಾಡುಗಳಿವೆ. ಇದನ್ನು ತಿಳಿಯದೆ ಗೊಂದಲಕ್ಕೀಡಾದವರು ಬಹಳ. ಮೊದಲನೆಯದು 2003ರಲ್ಲಿ ಹೊರಬಂದ ತಂತ್ರಾಂಶ. ಅದನ್ನು ಯಾರು ಬೇಕಾದರೂ ಹಣವಿಲ್ಲದೆ ಪಡೆಯಬಹುದು, ತಿದ್ದಿಕೊಳ್ಳಲೂಬಹುದು. ಜಗತ್ತಿನ ಜಾಲತಾಣಗಳಲ್ಲಿ 10ಕ್ಕೆ 4ರಷ್ಟು ಇದರ ಮೇಲೆಯೇ ನಡೆಯುತ್ತಿವೆ. ಆದರೆ ಅದನ್ನು ಇಡಲು ನಾವೇ ಬಾಡಿಗೆಗೆ ಸ್ಥಳವನ್ನು ಹಿಡಿಯಬೇಕು, ವಿಳಾಸವನ್ನು ಕೊಳ್ಳಬೇಕು, ಕಾಲಕಾಲಕ್ಕೆ ತಂತ್ರಾಂಶವನ್ನು ನವೀಕರಿಸಬೇಕು. ಉದಾಸೀನ ಮಾಡಿದರೆ ಕಿಡಿಗೇಡಿಗಳು ಒಳನುಗ್ಗುವ ಭಯವುಂಟು. ಎರಡನೆಯದು ಆಟೋಮ್ಯಾಟಿಕ್ ಎಂಬ ಸಂಸ್ಥೆಯವರು 2005ರಿಂದ ನಡೆಸುತ್ತಿರುವ ತಾಣ. ಅಲ್ಲಿ ಆ ಚಿಂತೆಗಳೆಲ್ಲ ಅವರದು. ಉಚಿತವಾಗಿಯೂ ಬರೆಯಬಹುದು, ಆದರೆ ಆಗ ನಮ್ಮ ಬರಹದ ನಡುವೆ ಅವರ ಜಾಹೀರಾತುಗಳು ಬರುವುವು, ಸ್ವಂತ ವಿಳಾಸ ಬೇಕೆಂದರೆ ಹಣ ಕೊಡಬೇಕಾಗುವುದು. ಎರಡರಲ್ಲಿಯೂ ಬರಹವನ್ನು ಹೊರಗೆ ಸಾಗಿಸುವ ಬಾಗಿಲು ಅಗಲವಾಗಿಯೇ ಇದೆ. ಒಂದರಿಂದ ಇನ್ನೊಂದಕ್ಕೆ ಹೋಗುವುದೂ ಸುಲಭ. ಬ್ಲಾಗರಿನಿಂದ ಇಲ್ಲಿಗೆ ಬರುವುದಕ್ಕೂ ಮಾರ್ಗವುಂಟು.

ಮೀಡಿಯಮ್ ಎಂಬುದನ್ನು, ಬ್ಲಾಗರಿನ ಸ್ಥಾಪಕರಲ್ಲೊಬ್ಬರಾದ ಇವಾನ್ ವಿಲಿಯಮ್ಸರೇ 2012ರಲ್ಲಿ ಆರಂಭಿಸಿದರು. ಪುಟವು ಶುಭ್ರವಾಗಿ, ಓದುವುದಕ್ಕೆ ಹಿತವಾಗಿರುತ್ತದೆ. ಆದರೆ ಅಲ್ಲಿನ ಅನೇಕ ಲೇಖನಗಳನ್ನು ಪೂರ್ತಿ ಓದಲು ಓದುಗರೇ ಚಂದಾ ಕೊಡಬೇಕಾಗುವುದು. ಇಂಗ್ಲಿಷಿನಲ್ಲಿ ತಮ್ಮ ವೃತ್ತಿಯ ವಿಷಯವನ್ನು ಬರೆಯುವವರಿಗೆ ಇದು ಒಪ್ಪೀತು. ಊರಿನಲ್ಲಿರುವ ಅತ್ತಿಗೆ, ಚಿಕ್ಕಮ್ಮಂದಿರು ಓದಲೆಂದು ಕನ್ನಡದಲ್ಲಿ ಬರೆಯುವವರಿಗೆ ಅಷ್ಟಾಗಿ ಒಗ್ಗದು.

ಸಬ್‌ಸ್ಟ್ಯಾಕ್ ಎಂಬುದು 2017ರಲ್ಲಿ ಬಂದುದು. ಇಲ್ಲಿ ಬರೆದುದು ಓದುಗರ ಇಮೇಲ್ ಪೆಟ್ಟಿಗೆಗೆ ಪತ್ರದಂತೆ ನೇರವಾಗಿ ಹೋಗುವುದು, ಜಾಲದಲ್ಲಿಯೂ ಉಳಿಯುವುದು. ಬರೆಯುವುದಕ್ಕೆ ಹಣ ಬೇಡ. ಓದುಗರಿಂದ ಚಂದಾ ಎತ್ತಿದರೆ ಮಾತ್ರ ಅದರಲ್ಲಿ 100ಕ್ಕೆ 10ರಂತೆ ಸಂಸ್ಥೆಯವರು ಹಿಡಿದುಕೊಳ್ಳುವರು. ಬರಹಗಳನ್ನು ಮಾತ್ರವಲ್ಲದೆ ಓದುಗರ ಇಮೇಲ್ ವಿಳಾಸಗಳ ಪಟ್ಟಿಯನ್ನೂ ನಾವು ಇಳಿಸಿಕೊಳ್ಳಬಹುದೆಂಬುದು ಇದರ ದೊಡ್ಡ ಗುಣ. ದೂರದೂರಗಳಲ್ಲಿ ಚದರಿಹೋಗಿರುವ ಸಹಪಾಠಿನಿಯರಿಗೆ ತಿಂಗಳಿಗೊಂದು ಓಲೆ ಬರೆಯಬೇಕೆನ್ನುವವರಿಗೆ ಇದು ತಕ್ಕುದು.

"ಫೇಸ್‌ಬುಕ್ಕಿನಲ್ಲಿಯೇ ಬರೆದರೆ ಸಾಲದೆ?" ಎಂದು ಕೆಲವರು ಕೇಳಬಹುದು. ಬರೆದ ಗಳಿಗೆಯಲ್ಲಿಯೇ ನಾಲ್ಕು ಜನ ಮೆಚ್ಚುವರೆಂಬುದು ನಿಜ. ಆದರೆ ಅದು ಜಾತ್ರೆಯ ಬೀದಿಯಲ್ಲಿ ಆಡಿದ ಮಾತಿನಂತೆ. ಮೂರು ವರುಷದ ಹಿಂದೆ ಬರೆದುದನ್ನು ಹುಡುಕಹೊರಟರೆ ಬರೆದವರಿಗೇ ಅದು ಸಿಕ್ಕುವುದು ಕಷ್ಟ. ಅಲ್ಲಿ ಖಾತೆಯಿಲ್ಲದವರಿಗಂತೂ ಬಹುಮಟ್ಟಿಗೆ ಬಾಗಿಲೇ ತೆರೆಯದು. ಬರಹವನ್ನು ಒಂದು ನೆಲೆಯಲ್ಲಿಟ್ಟು, ಅದರ ಸುದ್ದಿಯನ್ನು ಮಾತ್ರ ಅಲ್ಲಿ ಸಾರುವುದು ಉತ್ತಮ.

ಇನ್ನು ಕನ್ನಡದಲ್ಲಿ ಬರೆಯುವವರು ವಿಶೇಷವಾಗಿ ಗಮನಿಸತಕ್ಕ ಎರಡು ಸಂಗತಿಗಳಿವೆ. ಮೊದಲನೆಯದು ಅಕ್ಷರದ ವಿಷಯ. ಹಿಂದೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿಟ್ಟುದನ್ನು ಹಾಗೆಯೇ ತಂದು ಬ್ಲಾಗಿನಲ್ಲಿ ಹಾಕಿದರೆ, ಕನ್ನಡಕ್ಕೆ ಬದಲಾಗಿ ಅರ್ಥವಿಲ್ಲದ ಗುರುತುಗಳು ಕಾಣುವುವು. ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಹೊಸದಾಗಿ ಬರೆಯುವವರು ಆರಂಭದಿಂದಲೇ ಯೂನಿಕೋಡಿನಲ್ಲಿ ಬರೆಯುವುದು ಕ್ಷೇಮ. ಇಂದಿನ ಮೊಬೈಲುಗಳ ಕನ್ನಡ ಕೀಲಿಮಣೆಯಿಂದ ಬರುವುದು ಅದೇ. ಎರಡನೆಯದು ಲೇಖನದ ವಿಳಾಸದ ವಿಷಯ. ಶೀರ್ಷಿಕೆಯು ಕನ್ನಡದಲ್ಲಿದ್ದರೆ, ಬ್ಲಾಗರ್ ಅದನ್ನು ವಿಳಾಸದಲ್ಲಿ ಕೈಬಿಟ್ಟು 'ಬ್ಲಾಗ್ ಪೋಸ್ಟ್' ಎಂಬುದಕ್ಕೆ ಒಂದು ಅಂಕೆಯನ್ನು ಸೇರಿಸಿ ಹೆಸರಿಡುವುದು. ವರ್ಡ್‌ಪ್ರೆಸ್ಸಿನಲ್ಲಿಯಾದರೋ, ವಿಳಾಸವನ್ನು ನಕಲು ಮಾಡಿ ಕಳುಹಿಸಿದಾಗ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು ಕಾಣಿಸುವುದು. ಪ್ರಕಟಿಸುವ ಮೊದಲು 'ಪರ್ಮಾಲಿಂಕ್' ಎಂಬ ಸ್ಥಳದಲ್ಲಿ ರೋಮನ್ ಅಕ್ಷರಗಳಿಂದ ಎರಡು ಮೂರು ಪದಗಳ ಚಿಕ್ಕ ಹೆಸರನ್ನು ನಾವೇ ಬರೆದರೆ ಈ ತೊಂದರೆಗಳೆರಡೂ ಇರವು.

ಸ್ವಂತ ವಿಳಾಸವೆಂದೆವಷ್ಟೆ. ಇದನ್ನು ಡೊಮೇನ್ ಎನ್ನುವರು. ವರುಷಕ್ಕೆ ನೂರುಗಳಲ್ಲಿ, ಕೆಲವೊಮ್ಮೆ ಸಾವಿರವನ್ನು ದಾಟುವಷ್ಟು ರೂಪಾಯಿಗಳಿಗೆ ಇದು ದೊರೆಯುತ್ತದೆ. ಮೊದಲನೆಯ ವರುಷ ಅಗ್ಗವಾಗಿ ಕೊಟ್ಟು, ಮುಂದೆ ದರವನ್ನು ಏರಿಸುವುದು ರೂಢಿಯಾದುದರಿಂದ ನವೀಕರಣದ ದರವನ್ನು ಮೊದಲೇ ವಿಚಾರಿಸತಕ್ಕುದು. ಇದರ ಪ್ರಯೋಜನವೇನೆಂದರೆ, ನಾಳೆ ನಾವು ಬ್ಲಾಗರನ್ನು ಬಿಟ್ಟು ವರ್ಡ್‌ಪ್ರೆಸ್ಸಿಗೆ ಹೋದರೂ ಮನೆಯ ಹೆಸರು ಬದಲಾಗದು. ಹಳೆಯ ಓದುಗರು ಅದೇ ವಿಳಾಸಕ್ಕೆ ಬರುವರು. ಆದರೆ ವಿಳಾಸವನ್ನು ಕೊಳ್ಳುವಾಗ ಅಂಗಡಿಯವರ ಹೆಸರಿನಲ್ಲಾಗಲಿ, ನೆರವಿಗೆ ಬಂದ ಸೋದರಳಿಯನ ಹೆಸರಿನಲ್ಲಾಗಲಿ ಕೊಳ್ಳಬೇಡಿರಿ. ನಿಮ್ಮ ಹೆಸರಿನಲ್ಲಿ, ನೀವು ದಿನವೂ ನೋಡುವ ಇಮೇಲಿನಿಂದಲೇ ಕೊಳ್ಳಿರಿ. ನವೀಕರಿಸಲು ಮರೆತರೆ ಆ ಹೆಸರು ಪರರ ಪಾಲಾಗುವುದುಂಟು.

ತಾಯ್ತಂದೆಗಳಲ್ಲಿಯೂ ಒಂದೆರಡು ಮಾತುಗಳನ್ನು ಅರಿಕೆ ಮಾಡಬೇಕಾಗಿದೆ. ಮಗಳು ಬರೆಯಬೇಕೆಂದು ಕೇಳಿದರೆ ಬೇಡವೆನ್ನಬೇಡಿರಿ. 1913ರಲ್ಲಿ ನಂಜನಗೂಡು ತಿರುಮಲಾಂಬಾರವರು 'ಸತೀಹಿತೈಷಿಣಿ' ಗ್ರಂಥಮಾಲೆಯನ್ನು ಆರಂಭಿಸಿದಾಗ, ಸ್ತ್ರೀಯೊಬ್ಬರು ತಾವೇ ಬರೆದು ತಾವೇ ಪ್ರಕಟಿಸುವುದು ಎಷ್ಟು ದುಸ್ತರವಾಗಿತ್ತೆಂಬುದನ್ನು ನೆನೆದರೆ, ಇಂದು ದೊರೆತಿರುವ ಸೌಕರ್ಯದ ಬೆಲೆ ತಿಳಿಯುವುದು. ಆದರೆ ಎಚ್ಚರಿಕೆಯೂ ಬೇಕು. ಮನೆಯ ವಿಳಾಸ, ದೂರವಾಣಿಯ ಸಂಖ್ಯೆ, ದಿನವೂ ಹೋಗಿಬರುವ ದಾರಿ ಮತ್ತು ವೇಳೆ ಇವುಗಳನ್ನು ಬರೆಯಕೂಡದು. ಓದುಗರ ಅಭಿಪ್ರಾಯಗಳು ಮೊದಲು ನಮ್ಮ ಕಣ್ಣಿಗೆ ಬಿದ್ದು, ಒಪ್ಪಿಗೆಯಾದ ಮೇಲೆಯೇ ಪ್ರಕಟವಾಗುವಂತೆ ಏರ್ಪಡಿಸಬಹುದು. ಕರೆಯಲ್ಪಟ್ಟವರು ಮಾತ್ರ ಓದುವಂತೆ ಬ್ಲಾಗನ್ನು ಮುಚ್ಚಿಡುವ ಅನುಕೂಲವೂ ಬ್ಲಾಗರಿನಲ್ಲಿದೆ. ಚಿಕ್ಕ ವಯಸ್ಸಿನ ಹುಡುಗಿಯರು ಮೊದಲು ಒಂದು ವರುಷ ಹೀಗೆ ಬಂಧುಗಳಿಗಾಗಿ ಮಾತ್ರ ಬರೆದು ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.

ಒಟ್ಟಿನಲ್ಲಿ ನಮ್ಮ ಸಲಹೆಯೇನೆಂದರೆ: ಹಣವನ್ನಾಗಲಿ ತಾಂತ್ರಿಕ ನೆರವನ್ನಾಗಲಿ ಹೆಚ್ಚಾಗಿ ಹೊಂದಿಲ್ಲದವರು ಬ್ಲಾಗರಿನಲ್ಲಿ ಆರಂಭಿಸಿ, ಕೈಲಾದಾಗ ಸ್ವಂತ ವಿಳಾಸವನ್ನು ಜೋಡಿಸಿಕೊಳ್ಳಲಿ. ತಿಳಿದವರ ನೆರವಿದ್ದು ಬಹುಕಾಲ ಬರೆಯುವ ಸಂಕಲ್ಪವುಳ್ಳವರು ಸ್ವಂತ ಸ್ಥಳದಲ್ಲಿ ವರ್ಡ್‌ಪ್ರೆಸ್ಸನ್ನು ಇರಿಸಿಕೊಳ್ಳಲಿ. ಪತ್ರದಂತೆ ಬರೆಯಬೇಕೆನ್ನುವವರು ಸಬ್‌ಸ್ಟ್ಯಾಕನ್ನು ಹಿಡಿಯಲಿ. ಎಲ್ಲಿ ಬರೆದರೂ ಮೂರು ತಿಂಗಳಿಗೊಮ್ಮೆ ಬರಹಗಳ ಪ್ರತಿಯನ್ನು ಇಳಿಸಿ ಮನೆಯಲ್ಲಿಟ್ಟುಕೊಳ್ಳುವುದನ್ನು ತಪ್ಪಿಸಬಾರದು. ವರ್ಡ್‌ಪ್ರೆಸ್ಸಿನಿಂದ ಇಳಿಸಿದ ಕಡತದಲ್ಲಿ ಅಕ್ಷರಗಳಿರುವುವೇ ಹೊರತು ಚಿತ್ರಗಳಿರುವುದಿಲ್ಲ. ಆದುದರಿಂದ ಚಿತ್ರಗಳನ್ನು ಬೇರೆಯಾಗಿ ಕೂಡಿಡಬೇಕು. 1996ರಿಂದ ಜಾಲದ ಪುಟಗಳನ್ನು ಸಂಗ್ರಹಿಸುತ್ತಿರುವ ಇಂಟರ್ನೆಟ್ ಆರ್ಕೈವ್ ಎಂಬ ಗ್ರಂಥಭಂಡಾರಕ್ಕೆ ನಮ್ಮ ಪುಟದ ವಿಳಾಸವನ್ನು ಕೊಟ್ಟು, ಒಂದು ಪ್ರತಿಯನ್ನು ಅಲ್ಲಿಯೂ ಇರಿಸಬಹುದು. ಬಹು ಪ್ರಿಯವಾದ ಬರಹಗಳನ್ನಂತೂ ಕಾಗದದ ಮೇಲೆ ಅಚ್ಚು ಹಾಕಿಸಿ ಇಡುವುದು ಲೇಸು.

ಮೇಲೆ ಹೇಳಿದ ಹಿರಿಯ ಸೋದರಿಯವರು ಕಳೆದ ತಿಂಗಳು ನಮ್ಮ ಬಳಿಗೆ ಬಂದಿದ್ದರು. ಅವರು ಮತ್ತೊಮ್ಮೆ ಬರೆಯಲು ಆರಂಭಿಸಿದ್ದಾರೆ. ಈಗ ಅವರ ಬ್ಲಾಗಿಗೆ ಅವರದೇ ಹೆಸರಿನ ವಿಳಾಸವಿದೆ. ಅವರ ಕೈಚೀಲದಲ್ಲಿ ನೂಲಿನಿಂದ ಹೊಲಿದ ಹನ್ನೆರಡು ಹಾಳೆಗಳೂ ಇದ್ದುವು. ಅವನ್ನು ಓದಿ ನೋಡಿದೆವು. ಹಿಂದೆ ಬರೆದುದರಷ್ಟು ವಿವರ ಈಗ ನೆನಪಿಗೆ ಬಾರದೆಂದು ಅವರು ಮರುಗಿದರು. ಹೋದುದು ಹೋಯಿತು. ಉಳಿದವರಾದರೂ ಈ ಮರುಕಕ್ಕೆ ಆಸ್ಪದವಿಲ್ಲದಂತೆ, ಇಂದೇ ತಮ್ಮ ಬರಹಗಳ ಒಂದು ಪ್ರತಿಯನ್ನು ಇಳಿಸಿಟ್ಟುಕೊಳ್ಳಬೇಕೆಂದು ವಿಜ್ಞಾಪಿಸಿ ಈ ಲೇಖನವನ್ನು ಮುಗಿಸುತ್ತೇವೆ.