ಸಮುದ್ರದ ತಳದಲ್ಲಿ 6 ಕೋಟಿ ಗುಂಡಿ: ಒಂದೊಂದೂ ಒಂದು ಮೀನಿನ ಮನೆ!

ಹಕ್ಕಿ ಗೂಡು ಕಟ್ಟೋದು ಎಲ್ಲರಿಗೂ ಗೊತ್ತು. ಆದ್ರೆ ಮೀನು ಕೂಡ ಗೂಡು ಮಾಡುತ್ತೆ ಅಂದ್ರೆ ನಂಬ್ತೀರಾ? ಅಂಟಾರ್ಕ್ಟಿಕಾದ ವೆಡ್ಡೆಲ್ ಸಮುದ್ರದ ತಳದಲ್ಲಿ ಅಂಥ ಗೂಡುಗಳ ದೊಡ್ಡ ಊರೇ ಇದೆ.

2021ರ ಫೆಬ್ರವರಿಯಲ್ಲಿ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯ ವಿಜ್ಞಾನಿಗಳು ಪೋಲಾರ್‌ಸ್ಟರ್ನ್ ಹಡಗಿನಿಂದ ಕ್ಯಾಮೆರಾ ಇಳಿಬಿಟ್ಟಿದ್ದರು. ಸುಮಾರು ಅರ್ಧ ಕಿಲೋಮೀಟರ್ ಆಳದಲ್ಲಿ ಒಂದಾದ ಮೇಲೊಂದು ದುಂಡನೆಯ ಗುಂಡಿಗಳು ಕಾಣಿಸಿದವು. ಕ್ಯಾಮೆರಾ ಎಷ್ಟು ದೂರ ಹೋದ್ರೂ ಗುಂಡಿಗಳು ಮುಗಿಯಲೇ ಇಲ್ಲ.

ಒಂದೊಂದು ಗುಂಡಿ ಮುಕ್ಕಾಲು ಮೀಟರ್ ಅಗಲ, 15 ಸೆಂಟಿಮೀಟರ್ ಆಳ. ನಡುವೆ ಸಣ್ಣ ಕಲ್ಲುಗಳ ಮೇಲೆ ಸರಾಸರಿ 1,700ಕ್ಕೂ ಹೆಚ್ಚು ಮೊಟ್ಟೆ. ಹೆಚ್ಚಿನ ಗೂಡುಗಳಲ್ಲಿ ಒಂದು ದೊಡ್ಡ ಮೀನು ಕಾವಲಿಗೆ ಕೂತಿತ್ತು. ಇದು ಐಸ್‌ಫಿಶ್ ಜಾತಿಯ ಮೀನು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಇಲ್ಲದ ಕಾರಣ ಇದರ ರಕ್ತಕ್ಕೆ ಬಣ್ಣವೇ ಇಲ್ಲ.

ಸುಮಾರು 240 ಚದರ ಕಿಲೋಮೀಟರ್ ಜಾಗದಲ್ಲಿ 6 ಕೋಟಿ ಗೂಡುಗಳಿವೆ ಅನ್ನೋದು ವಿಜ್ಞಾನಿಗಳ ಅಂದಾಜು. ಅಂದ್ರೆ ಬೆಂಗಳೂರು ನಗರದ ಮೂರನೇ ಒಂದು ಭಾಗದಷ್ಟು ಜಾಗ! ಇಷ್ಟು ದೊಡ್ಡ ಮೀನು ಗೂಡಿನ ತಾಣ ಬೇರೆಲ್ಲೂ ಸಿಕ್ಕಿರಲಿಲ್ಲ.

ಇಲ್ಲೇ ಯಾಕೆ? ಈ ಜಾಗಕ್ಕೆ ಆಳದಿಂದ ಬರುವ ನೀರು ಸುತ್ತಲಿನ ನೀರಿಗಿಂತ 2 ಡಿಗ್ರಿಯವರೆಗೆ ಬೆಚ್ಚಗಿದೆ. ಮೀನಿದ್ದಲ್ಲಿ ಬೇಟೆಗಾರರೂ ಇರ್ತಾರೆ ಅಲ್ವಾ, ವೆಡ್ಡೆಲ್ ಸೀಲ್‌ಗಳು ಇದೇ ಭಾಗದಲ್ಲಿ ಹೆಚ್ಚಾಗಿ ಮುಳುಗು ಹಾಕುತ್ತವೆ. ಗೂಡು ಹಾಳಾದ್ರೆ ಮೀನಿಗೆ ಮಾತ್ರ ಅಲ್ಲ, ಅದನ್ನು ನಂಬಿದ ಜೀವಿಗಳಿಗೂ ಪೆಟ್ಟು.

ಹಾಗಾದ್ರೆ ರಕ್ಷಣೆ ಇದೆಯಾ? ವೆಡ್ಡೆಲ್ ಸಮುದ್ರವನ್ನು ಸಂರಕ್ಷಿತ ಪ್ರದೇಶ ಮಾಡಬೇಕೆಂಬ ಪ್ರಸ್ತಾವ 2016ರಿಂದಲೂ ಅಂಟಾರ್ಕ್ಟಿಕ್ ಸಮುದ್ರ ಜೀವಿ ಸಂರಕ್ಷಣಾ ಆಯೋಗದ ಮುಂದಿದೆ. ಅಲ್ಲಿ ಬಹುಮತ ನಡೆಯಲ್ಲ, ಎಲ್ಲ ಸದಸ್ಯರೂ ಒಪ್ಪಲೇಬೇಕು. ಭಾರತವೂ ಸದಸ್ಯ ದೇಶ, 2021ರಲ್ಲಿ ಪ್ರಸ್ತಾವಕ್ಕೆ ಬೆಂಬಲ ಕೊಟ್ಟಿದೆ. ಆದ್ರೆ ರಷ್ಯಾ, ಚೀನಾ ಒಪ್ಪದೆ ವಿಷಯ ನಿಂತಲ್ಲೇ ನಿಂತಿದೆ.

ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯಲ್ಲ. ಮೀನು ಮೊಟ್ಟೆ ಇಡೋ ಕಾಲ ಅಂತ ದಡದಲ್ಲೇ ನಿಲ್ಲುತ್ತವೆ. ಆ ಎರಡು ತಿಂಗಳು ಸಂಪಾದನೆ ಇಲ್ಲದಿದ್ರೂ, ಮುಂದಿನ ಮೀನಿಗಾಗಿ ಕಾಯೋದು ಮೀನುಗಾರರಿಗೆ ಗೊತ್ತು. ವೆಡ್ಡೆಲ್ ಸಮುದ್ರದ ವಿಷಯದಲ್ಲಿ ದೇಶಗಳು ಒಪ್ಪಬೇಕಾಗಿರೋದೂ ಇಷ್ಟೇ: ಮೊಟ್ಟೆ ಇಡೋ ಜಾಗ ಉಳಿದ್ರೆ ಮಾತ್ರ ಮೀನು ಉಳಿಯುತ್ತೆ.