ಆಳಿಲ್ಲದ ನಿಲ್ದಾಣ

‘ನಿಲ್’ ಎಂಬ ಧಾತುವಿನೊಡನೆ ‘ತಾಣ’ ಸೇರಿದಾಗ ಆದೇಶಸಂಧಿಯಿಂದ ತಕಾರಕ್ಕೆ ದಕಾರ ಬಂದು ‘ನಿಲ್ದಾಣ’ವಾಗುತ್ತದೆ. ‘ತಾಣ’ವಾದರೋ ಸಂಸ್ಕೃತದ ‘ಸ್ಥಾನ’ ಶಬ್ದದ ತದ್ಭವ. ಈ ಪದದೊಳಗೆ ಸ್ಟೇಷನ್ ಮಾಸ್ತರನಿಲ್ಲ, ಗಂಟೆಯಿಲ್ಲ, ಕೈಮರವಿಲ್ಲ. ನಿಲ್ಲುವ ಕ್ರಿಯೆಯೊಂದೇ ಇದೆ. ರೈಲ್ವೆಯವರು ‘ಹಾಲ್ಟ್’ ಎಂದು ಕರೆಯುವ ಹಳ್ಳಿಗಾಡಿನ ಕಿರು ನಿಲ್ದಾಣಗಳಿಗೆ ಈ ಕನ್ನಡ ಮಾತು ಅಕ್ಷರಶಃ ಸಲ್ಲುತ್ತದೆ.

ಜೋಗಿಮಟ್ಟಿಯ ಸೀಮೆಗೆ ರೈಲು ತಡವಾಗಿ ಬಂದಿತು. ಬೆಂಗಳೂರಿನಿಂದ ಹರಿಹರದವರೆಗಿನ ಮೀಟರ್ ಗೇಜ್ ಮಾರ್ಗವು 1889ರಲ್ಲಿ ಪೂರ್ಣಗೊಂಡರೂ ಅದು ದುರ್ಗದ ಕೋಟೆಯನ್ನು ಸೋಕದೆ ಪಶ್ಚಿಮದಲ್ಲಿಯೇ ಹಾದುಹೋಯಿತು. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಸುಮಾರು 34 ಕಿಲೋಮೀಟರಿನ ಕವಲು ಮಾರ್ಗವು 1921ರಲ್ಲಿ ತೆರೆಯಿತು. ಮುಂದೆ ರಾಯದುರ್ಗದ ಕಡೆಗೆ ಹಳಿ ಬೆಳೆದದ್ದು ಶತಮಾನದ ಕೊನೆಯ ದಶಕದಲ್ಲಿ. ಅಲ್ಲಿಯವರೆಗೆ ಚಿತ್ರದುರ್ಗವೇ ಹಳಿಯ ತುದಿ. ಹೊಸದುರ್ಗಕ್ಕಂತೂ ರೈಲಿನಿಂದ ದೊರೆತದ್ದು ಅದರ ಹೆಸರಿನ ಒಂದು ನಿಲ್ದಾಣ ಮಾತ್ರ: ‘ಹೊಸದುರ್ಗ ರೋಡ್’. ಊರು ದೂರವಿದೆ, ಊರಿಗೆ ಹೋಗುವ ದಾರಿ ಇಲ್ಲಿದೆ ಎಂಬುದೇ ಆ ‘ರೋಡ್’ ಎಂಬುದರ ಅರ್ಥ. ಹೆಸರನ್ನು ನಂಬಿ ಇಳಿದ ಹೊಸಬನು ಪೇಚಾಡಿದರೆ ತಪ್ಪು ಅವನದಲ್ಲ.

ದೊಡ್ಡ ನಿಲ್ದಾಣಕ್ಕೂ ಹಾಲ್ಟಿಗೂ ಇರುವ ಭೇದವು ಗಾತ್ರದ್ದಲ್ಲ, ಅಧಿಕಾರದ್ದು. ಒಂಟಿ ಹಳಿಯ ಮಾರ್ಗದಲ್ಲಿ ಎರಡು ನಿಲ್ದಾಣಗಳ ನಡುವೆ ಏಕಕಾಲಕ್ಕೆ ಒಂದೇ ಗಾಡಿ ಇರತಕ್ಕದ್ದು. ಹಿಂದೆ ಇದಕ್ಕಾಗಿ ಯಂತ್ರದಿಂದ ಹೊರತೆಗೆದ ಲೋಹದ ಗುಂಡೊಂದನ್ನು ಚೀಲದಲ್ಲಿಟ್ಟು, ಬೆತ್ತದ ಬಳೆಗೆ ಕಟ್ಟಿ, ಚಾಲಕನಿಗೆ ಕೊಡುತ್ತಿದ್ದರು. ಆ ಗುಂಡು ಕೈಯಲ್ಲಿಲ್ಲದೆ ಗಾಡಿ ಹೊರಡುವಂತಿರಲಿಲ್ಲ. ಹಾಲ್ಟಿನಲ್ಲಿ ಗುಂಡೂ ಇಲ್ಲ, ಅದನ್ನು ಕೊಡುವವನೂ ಇಲ್ಲ; ಗಾಡಿಗಳು ಪರಸ್ಪರ ದಾಟಿಹೋಗಲು ಎರಡನೆಯ ಹಳಿಯೂ ಇಲ್ಲ. ವೇಳಾಪಟ್ಟಿಯಲ್ಲಿ ಬರೆದಿರುವುದರಿಂದ ಗಾಡಿ ನಿಲ್ಲುತ್ತದೆ, ಅಷ್ಟೆ. ಟಿಕೆಟ್ ಮಾರುವವನು ಹಲವೆಡೆ ರೈಲ್ವೆಯ ನೌಕರನಲ್ಲ; ಕಮಿಷನ್ನಿನ ಮೇಲೆ ದುಡಿಯುವ ಸ್ಥಳೀಯ ಗುತ್ತಿಗೆದಾರ. ಗಾಡಿ ನಿಲ್ಲದಾದರೆ ಅವನ ಗಳಿಕೆಯೂ ನಿಲ್ಲುತ್ತದೆ.

ಈ ಪದವನ್ನು ಹೆಸರಿನಲ್ಲಿಯೇ ಧರಿಸಿರುವ ನಿಲ್ದಾಣವೊಂದು ಕನ್ನಡನಾಡಿನಲ್ಲಿ ಪ್ರಸಿದ್ಧವಾಗಿದೆ. ಅದು ನಂದಿಬೆಟ್ಟದ ಬಳಿಯ ನಂದಿ ಹಾಲ್ಟ್. 1915ರಲ್ಲಿ ತೆರೆದ ಬೆಂಗಳೂರು–ಚಿಕ್ಕಬಳ್ಳಾಪುರ ಲಘು ರೈಲುಮಾರ್ಗಕ್ಕೆ ಸೇರಿದ್ದು. ಎರಡೂವರೆ ಅಡಿ ಅಗಲದ ಆ ಪುಟ್ಟ ಹಳಿ ಮಾಯವಾಗಿ ಬ್ರಾಡ್ ಗೇಜ್ ಬಂದರೂ ಹಳೆಯ ಕಟ್ಟಡ ಉಳಿದುಕೊಂಡಿತು.

ಜಪಾನಿನಲ್ಲಿ ಇಂಥವಕ್ಕೆ ‘ಮುಜಿನ್ ಎಕಿ’, ಅಂದರೆ ಜನರಹಿತ ನಿಲ್ದಾಣ, ಎಂದು ಹೆಸರು. ಆ ದೇಶದ ನಿಲ್ದಾಣಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಥವೇ. ಪ್ರಯಾಣಿಕನು ಹತ್ತುವಾಗ ಬಾಗಿಲ ಬಳಿಯ ಯಂತ್ರದಿಂದ ಸಂಖ್ಯೆಯುಳ್ಳ ಚೀಟಿ ತೆಗೆದುಕೊಂಡು, ಇಳಿಯುವಾಗ ಚಾಲಕನ ಪಕ್ಕದ ಪೆಟ್ಟಿಗೆಗೆ ಚೀಟಿಯನ್ನೂ ಹಣವನ್ನೂ ಹಾಕುತ್ತಾನೆ. ಹೊಕ್ಕೈಡೋ ದ್ವೀಪದಲ್ಲಿ ಕ್ಯೂ-ಶಿರಾತಾಕಿ ಎಂಬ ನಿಲ್ದಾಣವಿತ್ತು, 1947ರಲ್ಲಿ ಆರಂಭವಾದದ್ದು. ಒಬ್ಬಳೇ ವಿದ್ಯಾರ್ಥಿನಿಗಾಗಿ ರೈಲ್ವೆಯು ಅದನ್ನು ವರ್ಷಗಟ್ಟಲೆ ಉಳಿಸಿಕೊಂಡಿತ್ತೆಂಬ ಕಥೆ 2016ರಲ್ಲಿ ಲೋಕವೆಲ್ಲ ಹಬ್ಬಿತು. ಕಥೆಯಲ್ಲಿ ಅಲಂಕಾರವೇ ಹೆಚ್ಚು. ಅಲ್ಲಿಂದ ಶಾಲೆಗೆ ಹೋಗುತ್ತಿದ್ದ ಬಾಲಿಕೆಯೊಬ್ಬಳು ಇದ್ದುದು ನಿಜ. ಆದರೆ ನಿಲ್ದಾಣವನ್ನು ಮುಚ್ಚಿದ್ದು ಪ್ರಯಾಣಿಕರು ತೀರ ವಿರಳವಾದುದರಿಂದ. ಮುಚ್ಚಿದ ದಿನ 2016ರ ಮಾರ್ಚ್ 26, ವೇಳಾಪಟ್ಟಿ ಬದಲಾದ ದಿನ. ಆ ದೇಶದಲ್ಲಿ ಶಾಲಾವರ್ಷವೂ ಮಾರ್ಚಿನಲ್ಲಿಯೇ ಮುಗಿಯುವುದರಿಂದ ಎರಡೂ ಕೂಡಿಬಂದವು. ಅದೇ ದಿನ ನೆರೆಯ ಕಾಮಿ-ಶಿರಾತಾಕಿ ಮತ್ತು ಶಿಮೊ-ಶಿರಾತಾಕಿಗಳೂ ಮುಚ್ಚಿದವು.

ಭಾರತದಲ್ಲಿ ಹಾಲ್ಟುಗಳಿಗೆ ಬಂದ ಕಷ್ಟದ ಬಗೆ ಬೇರೆ. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ನಿಮಿತ್ತ ಪ್ರಯಾಣಿಕ ಗಾಡಿಗಳೆಲ್ಲ ನಿಂತವು. ಮತ್ತೆ ಹೊರಟಾಗ ಅನೇಕ ಪ್ಯಾಸೆಂಜರ್ ಗಾಡಿಗಳು ಎಕ್ಸ್‌ಪ್ರೆಸ್ ಎಂಬ ಹೆಸರು ಹೊತ್ತಿದ್ದವು. ಕನಿಷ್ಠ ದರ 10 ರೂಪಾಯಿಯಿಂದ 30ಕ್ಕೇರಿತು, ಎಷ್ಟೋ ಸಣ್ಣ ನಿಲ್ದಾಣಗಳ ಹೆಸರು ವೇಳಾಪಟ್ಟಿಯಿಂದ ಬಿಟ್ಟುಹೋಯಿತು. ಹಾಲ್ಟನ್ನು ಮುಚ್ಚಲು ಆಜ್ಞೆಯೇ ಬೇಕಿಲ್ಲ, ಗಾಡಿ ನಿಲ್ಲದಿದ್ದರೆ ಸಾಕು. 2024ರ ಫೆಬ್ರವರಿಯಲ್ಲಿ ಹಳೆಯ ದರ ಮರಳಿತು. ತಪ್ಪಿಹೋದ ನಿಲುಗಡೆಗಳೆಲ್ಲ ಅದರೊಡನೆ ಮರಳಲಿಲ್ಲ.