‘ಒಂದೇ ನಿಮಿಷ ಅಮ್ಮಾ...’

‘ಊಟಕ್ಕೆ ಬಾರೋ’ ಅಂತ ನಾಲ್ಕು ಸಲ ಕೂಗಿದ್ದೀರಿ. ಬಿಸಿ ಸಾರು ತಣ್ಣಗಾಯ್ತು. ಮಗರಾಯ ಮಾತ್ರ ಮೊಬೈಲಿನಿಂದ ತಲೆ ಎತ್ತಿಲ್ಲ. ಬೇಕಂತಲೇ ಹೀಗೆ ಮಾಡ್ತಾನೆ ಅಂತ ರೇಗುತ್ತದೆ, ಅಲ್ವಾ? ಎಷ್ಟೋ ಸಲ ಅವನಿಗೆ ನಿಜವಾಗಿಯೂ ಕೇಳಿಸಿರುವುದಿಲ್ಲ.

ಈ ತಲ್ಲೀನತೆಯನ್ನು ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ‘ಫ್ಲೋ’ ಎಂದು ಕರೆದರು. ಚೆಸ್ ಆಡುವವರು, ಬಂಡೆ ಹತ್ತುವವರನ್ನೆಲ್ಲ ಮಾತಾಡಿಸಿ ಅವರು ಕಂಡುಕೊಂಡದ್ದಿಷ್ಟು: ಕೆಲಸ ತೀರಾ ಸುಲಭವಾದರೆ ಬೇಸರ, ತೀರಾ ಕಷ್ಟವಾದರೆ ಗಾಬರಿ. ನಮ್ಮ ಕೈಗೆ ತಕ್ಕ ಸವಾಲು ಸಿಕ್ಕರೆ ಹೊತ್ತು ಹೋದದ್ದೇ ತಿಳಿಯದು. ದೊಡ್ಡ ರಂಗೋಲಿ ಹಾಕುವಾಗ ನಿಮಗೂ ಹೀಗೆ ಆಗಿರಬಹುದು.

ಗೇಮ್ ತಯಾರಕರು ಇದನ್ನು ಅದೃಷ್ಟಕ್ಕೆ ಬಿಡುವುದಿಲ್ಲ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿಟ್ನೋವ್ ರೂಪಿಸಿದ ‘ಟೆಟ್ರಿಸ್’ ನೋಡಿ. ಮೇಲಿನಿಂದ ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸಬೇಕು, ಅಷ್ಟೇ. ಸಾಲು ತುಂಬಿದ ಕೂಡಲೇ ಮಾಯ! ಗುರಿ ಸ್ಪಷ್ಟ, ಫಲ ತಕ್ಷಣ. ಕೈ ಪಳಗುತ್ತಿದ್ದಂತೆ ತುಂಡುಗಳೂ ಬೇಗ ಬೇಗ ಬೀಳುತ್ತವೆ. (ನಮ್ಮ ಅಡುಗೆಗೆ ಯಾರಾದರೂ ಇಷ್ಟು ಬೇಗ ಶಹಬ್ಬಾಸ್ ಅಂತಾರಾ?)

2012ರಲ್ಲಿ ಬಂದ ‘ಕ್ಯಾಂಡಿ ಕ್ರಶ್ ಸಾಗಾ’ ನೀವೂ ಆಡಿರಬಹುದು. ಐದು ‘ಲೈಫ್’ ಮುಗಿದರೆ ಮುಂದಿನದಕ್ಕೆ ಅರ್ಧ ಗಂಟೆ ಕಾಯಬೇಕು, ಇಲ್ಲವೇ ದುಡ್ಡು ಕೊಡಬೇಕು. ರುಚಿ ಹತ್ತಿದಾಗಲೇ ತಟ್ಟೆ ಎಳೆದುಕೊಂಡಂತೆ. ಇದು ಫ್ಲೋ ಅಲ್ಲ, ಶುದ್ಧ ವ್ಯಾಪಾರ. ಮಕ್ಕಳಿಗೆ ಫೋನ್ ಕೊಡುವಾಗ ಯುಪಿಐ ಪಿನ್ ಮಾತ್ರ ಹೇಳಿಕೊಡಬೇಡಿ.

ಇನ್ನು ಊಟದ ವಿಷಯ. ಬಿಜಿಎಂಐನಂಥ ಆಟದಲ್ಲಿ ಒಂದು ಮ್ಯಾಚ್ ಅರ್ಧ ಗಂಟೆವರೆಗೂ ಹೋಗಬಹುದು, ನಡುವೆ ನಿಲ್ಲಿಸಿಡಲು ಬರುವುದಿಲ್ಲ. ಜೊತೆಗೆ ಗೆಳೆಯರೂ ಆಡುತ್ತಿರುತ್ತಾರೆ. ಆಗ ಫೋನ್ ಕಿತ್ತುಕೊಂಡರೆ ರಂಪವಾಗದೆ ಇನ್ನೇನು? ಶುರುವಿಗೆ ಮುಂಚೆಯೇ ‘ಎಷ್ಟು ಹೊತ್ತಿನದು ಕಣೋ?’ ಅಂತ ಕೇಳಿ. ಊಟಕ್ಕೆ ಅರ್ಧ ಗಂಟೆ ಇರುವಾಗ ಹೊಸ ಮ್ಯಾಚ್ ಬೇಡ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಅಡುಗೆಮನೆಯಿಂದ ಕೂಗುವ ಬದಲು ಹತ್ತಿರ ಹೋಗಿ ಭುಜ ಮುಟ್ಟಿ ಕರೆಯಿರಿ.

ಆದರೆ ನಿದ್ದೆ, ಶಾಲೆ, ಸ್ನೇಹಿತರು ಎಲ್ಲ ಬಿಟ್ಟುಹೋಗಿ, ತೊಂದರೆ ಗೊತ್ತಿದ್ದೂ ಆಟ ಬಿಡಲಾಗುತ್ತಿಲ್ಲ ಎಂದರೆ ಅದು ಬೇರೆಯೇ ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಸೇರಿದೆ. ಸಾಮಾನ್ಯವಾಗಿ ಒಂದು ವರ್ಷದ ಲಕ್ಷಣ ನೋಡುತ್ತಾರೆ. ತೀವ್ರವಾಗಿದ್ದರೆ ಅಷ್ಟು ಕಾಯಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕೆಂದು ‘ಶಟ್’ ಕ್ಲಿನಿಕ್ ತೆರೆದಿದೆ. ಮಗನ ಜೊತೆ ನೀವೂ ಹೋಗಿ ಕೂತು ಮಾತಾಡಬಹುದು.